ಆಸ್ಯಾಳ ಪಕ್ಕದ ಜಾಗ

ಖಬರಸ್ಥಾನದಲ್ಲಿ ಮೂರಡಿ ಅಗೆಯುವಷ್ಟರಲ್ಲಿ ಗೋರಿಯ ಗುಂಡಿಯೊಳಗೆ ಉಪ್ಪುನೀರು ಒಸರಿತು. ಗುಂಡಿ ತೋಡುತ್ತಿದ್ದ ಪುತ್ತುಬ್ಬ ಹಾರೆಯನ್ನು ಬದಿಗಿಟ್ಟು ಮೇಲೆ ಬಂದರು.

"ಇಲ್ಲಿ ಆಗುವುದಿಲ್ಲ ಸುಲೈಮಾನ್. ರಸ್ತೆ ಬದಿಯಲ್ಲಿ ಎತ್ತರದ ಜಾಗ ಉಂಟು, ಅಲ್ಲಿ ಅಗೆಯುವ."

"ಆಸ್ಯಾಳ ಪಕ್ಕದಲ್ಲಿ ಮಲಗಿಸು ಅಂತ ಉಮ್ಮ ಮೊನ್ನೆಯೂ ಹೇಳಿದ್ದು, ಕಾಕ."

"ಆಸ್ಯಾಳ ಖಬರ್ ಎಲ್ಲಿ ಉಂಟು ಮಾರಾಯ?"

ಸುಲೈಮಾನ್ ಕಡಲ ಕಡೆಗೆ ನೋಡಿದ. ಎಂಟನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡ ಅವನ ತಂಗಿ ಮಲಗಿದ್ದ ಸಾಲು ಎಂಬತ್ತಮೂರನೇ ಇಸವಿಯ ಮಳೆಗಾಲದಲ್ಲೇ ಕಡಲ ಪಾಲಾಗಿತ್ತು. ಒಂದು ವರ್ಷದಿಂದ ಅಲ್ಲಿ ತೆರೆ ಒಡೆಯುತ್ತಿತ್ತು.

*

ಕಾಪುವಿನ ಈ ತೀರ ಮೊದಲು ಹೀಗಿರಲಿಲ್ಲ. ಮಳೆಗಾಲದಲ್ಲಿ ಒಯ್ದ ಮರಳನ್ನು ಕಡಲೇ ಬೇಸಿಗೆಯಲ್ಲಿ ತಂದು ಹಾಕುತ್ತಿತ್ತು. ಎಪ್ಪತ್ತೆಂಟರಲ್ಲಿ ತೆಂಕು ಬದಿಯ ಮನೆಗಳನ್ನು ಉಳಿಸಲು ಕಲ್ಲಿನ ತಡೆಗೋಡೆ ಕಟ್ಟಿದರು. ಕಾರ್ಕಳದಿಂದ ಕರಿಗಲ್ಲು ಹೊತ್ತು ಬಂದ ಲಾರಿಗಳಲ್ಲಿ ಒಂದನ್ನು ಓಡಿಸಿದವನು ಸುಲೈಮಾನನೇ. ಆ ಮನೆಗಳೇನೋ ಉಳಿದವು. ಆದರೆ ಗೋಡೆಗೆ ಬಡಿದ ನೀರು ಗೋಡೆ ಮುಗಿಯುವಲ್ಲಿ ತಿರುಗಿ ಬಡಗು ಬದಿಯನ್ನು ಕೊರೆಯತೊಡಗಿತು. ಹೋದ ಮರಳು ಮತ್ತೆ ಬರಲಿಲ್ಲ. ಮೊದಲು ತೆಂಗಿನ ಸಾಲು ಹೋಯಿತು, ಆಮೇಲೆ ಖಬರಸ್ಥಾನದ ಅಂಚು.

ಆ ಹೊತ್ತಿಗೆ ಅವನ ಉಮ್ಮ ಹಲೀಮಾಳ ಕಾಲು ಸೋತಿತ್ತು. ಶುಕ್ರವಾರದ ನಮಾಜು ಮುಗಿಸಿ ಬಂದ ಮಗನನ್ನು ಅವಳು ಪ್ರತಿ ವಾರ ಕೇಳುತ್ತಿದ್ದಳು.

"ಆಸ್ಯಾಳಲ್ಲಿಗೆ ಹೋಗಿದ್ದೆಯಾ? ಹೇಗುಂಟು?"

"ಹುಲ್ಲು ಬಂದಿತ್ತು ಉಮ್ಮ. ಕಿತ್ತು ಬಂದೆ."

*

ಜಾಗ ಬದಲಾದದ್ದನ್ನು ತಿಳಿಸಲು ಸುಲೈಮಾನ್ ಮನೆಗೆ ಬಂದ. ಒಳಗೆ ಹೆಂಗಸರು ಹಲೀಮಾಳ ಶವವನ್ನು ಮೀಯಿಸುತ್ತಿದ್ದರು. ನೆರೆಮನೆಯ ಕುಶಲಾ ಅಂಗಳದಲ್ಲಿ ಒಬ್ಬಳೇ ಕೂತಿದ್ದಳು.

"ಉಮ್ಮನಿಗೆ ಒಂದು ವರ್ಷ ಸುಳ್ಳು ಹೇಳಿದೆ ಕುಶಲಕ್ಕ."

ಕುಶಲಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಅವರಿಗೆ ಗೊತ್ತಿತ್ತು. ದೀಪಾವಳಿ ಕಳೆದ ಮೇಲೆ, ನೀನು ಬಜಗೋಳಿಗೆ ಲೋಡು ತೆಗೆದುಕೊಂಡು ಹೋದ ದಿನ, ನನ್ನ ಹೆಗಲು ಹಿಡಿದು ಖಬರಸ್ಥಾನದವರೆಗೆ ಬಂದರು. ತುಂಬ ಹೊತ್ತು ನೀರು ನೋಡುತ್ತಾ ಕೂತರು."

"ಎಂತ ಹೇಳಿದರು?"

"ಸುಲೈಮಾನನಿಗೆ ಹೇಳಬೇಡ ಅಂದರು. ಕಲ್ಲು ತಂದದ್ದು ತಾನು ಅಂತ ಅವನಿಗೆ ಮೊದಲೇ ಸಂಕಟ ಉಂಟು, ಅಂತ."

"ಹಾಗಾದರೆ ಅವಳ ಪಕ್ಕದಲ್ಲೇ ಮಲಗಿಸು ಅಂತ ಯಾಕೆ ಹೇಳಿದ್ದು?"

"ಹೇಳುವುದು ನಿಲ್ಲಿಸಿದ್ದರೆ, ಅವರಿಗೆ ಗೊತ್ತು ಅಂತ ನಿನಗೆ ತಿಳಿಯುತ್ತಿತ್ತು ಅಲ್ವಾ."

ಒಳಗೆ ನೀರು ಹೊಯ್ಯುವ ಸದ್ದು ನಿಂತಿತು.

*

ರಸ್ತೆ ಬದಿಯ ಎತ್ತರದಲ್ಲಿ ಹಲೀಮಾಳಿಗೆ ಮಣ್ಣು ಕೊಟ್ಟು ಜನ ಚದುರಿದರು. ಸುಲೈಮಾನ್ ಉಮ್ಮನ ಖಬರಿನ ಕೆಂಪು ಮಣ್ಣನ್ನು ಬೊಗಸೆಯಲ್ಲಿ ತುಂಬಿಕೊಂಡು, ಆಸ್ಯಾಳ ಸಾಲು ಇದ್ದಲ್ಲಿ ತೀರಕ್ಕೆ ಇಳಿದ. ತೊಡೆಯವರೆಗಿನ ನೀರಿಗೆ ನಡೆದು, ಮಗುವನ್ನು ಇಳಿಸುವವನಂತೆ ಬಾಗಿ ಎರಡೂ ಕೈಗಳನ್ನು ಮುಳುಗಿಸಿದ.

ಅವನ ಸುತ್ತ ನೀರು ಕ್ಷಣ ಕಾಲ ಕೆಂಪಾಯಿತು. ಮುಂದಿನ ತೆರೆ ಬಂದು ಹೋದಾಗ ಕೆಂಪು ಇರಲಿಲ್ಲ, ಅವನ ಉಗುರುಗಳ ಸಂದಿನಲ್ಲಿ ಬಿಟ್ಟರೆ.