ಆ ಒಂದು ಓಟು

ಬೆಳಗಿನ ಹಾಲಿನ ಹೊತ್ತಿಗೆ ತಾಳೆಕೊಪ್ಪಲಿನ ಡೇರಿಯ ಮುಂದೆ ಅಮೆರಿಕದ ಚುನಾವಣೆ ನಡೆಯುತ್ತಿತ್ತು. ನಡೆಸುತ್ತಿದ್ದವರು ಸಿದ್ದರಾಜು. ಮಳವಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಪೇಪರನ್ನು ಹಾಲಿನ ಕ್ಯಾನಿನ ಮುಚ್ಚಳದ ಮೇಲೆ ಹರವಿ, ವಿದೇಶದ ಸುದ್ದಿಯನ್ನು ಓದಿ ಹೇಳಿ, ತೀರ್ಪನ್ನೂ ಕೊಟ್ಟು ಮನೆಗೆ ಹೋಗುವುದು ಅವರ ಪದ್ಧತಿ. ಊರಿನ ಹಾಲು ಉತ್ಪಾದಕರ ಸಂಘವನ್ನು ಕಟ್ಟಿದವರು ಅವರ ತಂದೆ. ಆಫೀಸಿನಲ್ಲಿ ಅಧ್ಯಕ್ಷರ ಕುರ್ಚಿಯ ಮೇಲ್ಗಡೆ ಅವರ ಫೋಟೊ ಇದೆ. ಸಿದ್ದರಾಜು ಈಗ ಸಂಘದ ಹನ್ನೊಂದು ನಿರ್ದೇಶಕರಲ್ಲಿ ಒಬ್ಬರು.

“ಅಲ್ಲಾ ಕಣ್ಲಾ ಲಿಂಗಯ್ಯ, ಅಲ್ಲಿ ಅಧ್ಯಕ್ಷಗಿರಿಗೆ ನಿಂತಿರೋ ಆವಮ್ಮ ಓದಿಲ್ವಾ? ಲಾಯರಾಗಿಲ್ವಾ? ಅಧಿಕಾರ ನಡೆಸಿಲ್ವಾ? ಚರ್ಮ ಕಪ್ಪು ಅಂತ ಓಟಾಕಕ್ಕೆ ಇಂದುಮುಂದು ನೋಡ್ತಾವಲ್ಲ, ನಾಚ್ಕೆ ಆಗಾಕಿಲ್ವಾ ಆ ಜನುಕ್ಕೆ?”

“ನಮ್ಮೂರೇ ವಾಸಿ ಬುಡಣ್ಣ,” ಎಂದರು ಇನ್ನೊಬ್ಬ ನಿರ್ದೇಶಕ ಲಿಂಗಯ್ಯ. “ಎಲ್ಲಾರ್ ಆಲ್ನೂ ಒಂದೇ ಕ್ಯಾನಿಗೆ ಸುರೀತೀವಿ. ಇನ್ನೆಲ್ಲಿ ಬಂತು ಜಾತಿ?”

ಅಷ್ಟರಲ್ಲಿ ಹಾಲು ಹಾಕುವವರ ಸಾಲು ತಾನಾಗಿ ಬಿರಿದಿತ್ತು. ದಲಿತರ ಕಾಲೋನಿಯ ಮಾದಯ್ಯ “ಬನ್ನಿ ಬುದ್ಧಿ, ಮುಂದಕ್ ಬನ್ನಿ” ಎಂದು ತಮ್ಮ ಪಾತ್ರೆ ಸಮೇತ ಗೋಡೆಗೆ ಒತ್ತಿಕೊಂಡರು. ಸಿದ್ದರಾಜು ಅಮೆರಿಕದ ಅನ್ಯಾಯವನ್ನು ಖಂಡಿಸುವುದನ್ನು ನಿಲ್ಲಿಸದೆಯೇ ಎಲ್ಲರನ್ನೂ ದಾಟಿ ಹೋಗಿ ಹಾಲು ಹಾಕಿದರು. ಕಾಲೋನಿಯವರು ಸರಿಯುವುದು, ಊರಿನವರು ಮುಂದೆ ಹೋಗುವುದು, ಇದು ಯಾರೂ ಬರೆದಿಟ್ಟ ನಿಯಮವಲ್ಲ. ಬರೆದಿಟ್ಟಿದ್ದರೆ ಇಷ್ಟು ದಿನ ಉಳಿಯುತ್ತಿರಲಿಲ್ಲ.

ಮಾದಯ್ಯನವರ ಸೊಸೆ ಸೌಮ್ಯ ಮಾತ್ರ ಗೋಡೆಗೆ ಒತ್ತಿಕೊಳ್ಳದೆ ನಿಂತಲ್ಲೇ ನಿಂತಿದ್ದಳು. ಅವಳ ಪಕ್ಕದಲ್ಲಿ ಹಾದುಹೋಗಲು ಸಾಕಷ್ಟು ಜಾಗವಿದ್ದುದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ. ಮೀಸಲು ಸ್ಥಾನದಿಂದ ಅವಳೂ ಆ ವರ್ಷ ನಿರ್ದೇಶಕಿಯಾಗಿದ್ದಳು.

ಸಿದ್ದರಾಜುವಿನ ಅಮೆರಿಕ ಜ್ಞಾನಕ್ಕೆ ಪೇಪರಿನಷ್ಟೇ ಮೊಮ್ಮಗಳು ದೀಪಿಕಳೂ ಕಾರಣ. ಮಂಡ್ಯದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದ ಅವಳು, ಅಮೆರಿಕದ ರಾಜಕೀಯದಲ್ಲಿ ಬಣ್ಣದ ಬಗ್ಗೆ ಹಳೆಯ ಮತ್ತು ಹೊಸ ತಲೆಮಾರಿನವರ ಧೋರಣೆ ಎಂಬ ವಿಷಯವನ್ನು ಸೆಮಿನಾರಿಗೆ ಆರಿಸಿಕೊಂಡಿದ್ದಳು. ಬರೆದದ್ದನ್ನು ಸಂಜೆ ತಾತನಿಗೆ ಓದಿ ಹೇಳುತ್ತಿದ್ದಳು. ಕಾಲೇಜಿನ ಮೇಷ್ಟ್ರುಗಳಿಗಿಂತ ತಾತ ಒಳ್ಳೆಯ ಕೇಳುಗ. ನಡುವೆ ಫೋನು ನೋಡುತ್ತಿರಲಿಲ್ಲ.

“ಅಲ್ಲಿ ವಯಸ್ಸಾದೋರು ನೇರವಾಗಿ ಬೇಡ ಅನ್ನಲ್ವಂತೆ ತಾತ. ‘ನಮ್ಮದೇನೂ ಇಲ್ಲ, ಆದರೆ ದೇಶ ಇನ್ನೂ ತಯಾರಾಗಿಲ್ಲ’ ಅಂತಾರಂತೆ. ಸಮೀಕ್ಷೆಯೋರು ಬಂದ್ರೆ ಕಪ್ಪು ಅಭ್ಯರ್ಥಿಗೇ ನಮ್ಮ ಓಟು ಅನ್ನೋದು, ಒಳಗೆ ಹೋಗಿ ಬೇರೆ ಮಾಡೋದು. ಹಿಂಗೂ ಒಂದು ವಾದ ಇದೆ.”

ಸಿದ್ದರಾಜು ಕೆಮ್ಮು ಬರುವಷ್ಟು ನಕ್ಕರು. “ದೇಸ ತಯಾರಾಗಿಲ್ವಂತೆ! ದೇಸ ಅಂದ್ರೆ ಯಾರವ್ವ ಅದು, ಅವ್ರ ಚಿಕ್ಕಪ್ಪನಾ? ನಾನು ತಯಾರಿಲ್ಲ ಅನ್ನಕ್ಕೆ ಬಾಯ್ ಬರ್ದೆ ದೇಸದ ಮ್ಯಾಲೆ ಆಕ್ತಾವೆ, ಕಳ್ಳನನ್ಮಕ್ಳು!”

ದೀಪಿಕ ಆ ಮಾತನ್ನು ಬರೆದುಕೊಂಡಳು. ಹಳೆಯ ತಲೆಮಾರಿನವರೆಲ್ಲ ಒಂದೇ ಥರ ಅಲ್ಲ, ನನ್ನ ತಾತನನ್ನೇ ನೋಡಿ ಎಂದು ಸೆಮಿನಾರಿನ ಕೊನೆಯಲ್ಲಿ ಹೇಳುತ್ತೇನೆ ಎಂದಳು. ಸಿದ್ದರಾಜು ಅದಕ್ಕೆ ಬೇಡ ಅನ್ನಲಿಲ್ಲ.

ಸಂಘದ ಅಧ್ಯಕ್ಷರ ಅವಧಿ ಮುಗಿದದ್ದು ಇದೇ ದಿನಗಳಲ್ಲಿ. ಹನ್ನೊಂದು ನಿರ್ದೇಶಕರೇ ತಮ್ಮಲ್ಲೊಬ್ಬರನ್ನು ಆರಿಸಬೇಕು. ನಿರ್ದೇಶಕ ಸ್ವಾಮಿ ನಿಲ್ಲುತ್ತೇನೆಂದ. ಸಿದ್ದರಾಜುಗೆ ಅವನು ದಾಯಾದಿ ಸಂಬಂಧದಲ್ಲಿ ಮಗನಾಗಬೇಕು. ಮೂವತ್ತೆರಡರ ಹುಡುಗ. ಬೈಕಿನ ಹಿಂದೆ ನಂಬರಿಗಿಂತ ದೊಡ್ಡದಾಗಿ ಜಾತಿಯ ಹೆಸರು ಅಂಟಿಸಿಕೊಂಡಿದ್ದ. ಅವನ ಮನೆಯ ಹಾಲಿನಲ್ಲಿ ನೀರಿರುವುದು ಪರೀಕ್ಷೆಯಲ್ಲಿ ಹಲವು ಬಾರಿ ಸಿಕ್ಕಿತ್ತು. ಪ್ರತಿ ಬಾರಿಯೂ ಅವನು ತಪ್ಪನ್ನು ಹಸುವಿನ ಮೇಲೆ ಹಾಕಿದ್ದ.

“ಸೌಮ್ಯನ್ನ ಮಾಡವ ಕಣ್ರಲಾ,” ಎಂದರು ಸಿದ್ದರಾಜು. “ಆಲು ಚೆಂದಾಗದೆ, ನಡತೆ ಚೆಂದಾಗದೆ, ಡಿಗ್ರಿ ಓದವ್ಳೆ. ಅಮೆರಿಕದೋರ ಕೈಲಿ ಆಗ್ದಿದ್ನ ತಾಳೆಕೊಪ್ಪಲು ಮಾಡಿ ತೋರುಸ್ಲಿ.”

ಮಾತು ಚೆನ್ನಾಗಿತ್ತು. ಚೆನ್ನಾದ ಮಾತಿಗೆ ಇಲ್ಲವೆನ್ನುವುದು ಹೇಗೆ? ನಿರ್ದೇಶಕರು ಒಬ್ಬೊಬ್ಬರಾಗಿ ಒಪ್ಪಿದರು. ತಾವು ಅನುಮೋದಕರಾಗುವುದಾಗಿ ಲಿಂಗಯ್ಯ ಎದೆ ತಟ್ಟಿಕೊಂಡರು.

ಸಿದ್ದರಾಜು ಕಾಲೋನಿಯ ತಿರುವಿನಲ್ಲೇ ಗಾಡಿ ನಿಲ್ಲಿಸಿ ಸೌಮ್ಯಳನ್ನು ಕರೆಸಿದರು. ಅವಳು ಸೆಗಣಿಯ ಕೈ ತೊಳೆದುಕೊಂಡು ಬಂದಳು. ಹಿಂದೆಯೇ ಮಾವ ಮಾದಯ್ಯ.

“ನಾನು ಕೇಳ್ನಿಲ್ಲ, ನೀವೇ ಬಂದ್ರಿ,” ಎಂದಳು ಸೌಮ್ಯ ಎಲ್ಲ ಕೇಳಿಕೊಂಡು. “ಗೆದ್ರೆ ನಾಕ್ ಜನ ಉರ್ಕತಾರೆ, ತಡ್ಕಬೋದು. ಸೋತ್ರೆ ಊರೆಲ್ಲ ನಗ್ತದೆ. ದಿನಾ ಬೆಳ್ಗೆ ಅದೇ ಸಾಲ್ನಾಗೆ ನಿಂತ್ಕಬೇಕಲ್ಲ ಅಣ್ಣ ನಾನು. ಕಡೇಗಂಟ ನಿಂತೀರಾ?”

“ಸೂಚಕನೇ ನಾನು ಕಣವ್ವ. ನನ್ ಹೆಸ್ರೇ ಮೊದ್ಲು ಬೀಳೋದು. ಇನ್ನೇನ್ ಬೇಕು?”

“ಬುದ್ಧಿಯೋರು ಯೋಳುದ್ ಮ್ಯಾಲೆ ಆಯ್ತು ಬುಡು ಕೂಸೆ,” ಎಂದರು ಮಾದಯ್ಯ.

ಚುನಾವಣೆಯ ದಿನ ಕೈ ಎತ್ತಿಸಿದ್ದರೆ ಐದು ನಿಮಿಷದ ಕೆಲಸ. ಸ್ವಾಮಿ ಮಾತ್ರ ಗುಪ್ತ ಮತದಾನವೇ ಆಗಬೇಕೆಂದ. ಅವನಿಗೆ ತನ್ನವರ ಮೇಲೆ ನಂಬಿಕೆಯಿತ್ತು. ತಾಲೂಕಿನಿಂದ ಬಂದಿದ್ದ ಅಧಿಕಾರಿ ಅಧ್ಯಕ್ಷರ ಮೇಜಿನ ಮೇಲೊಂದು ರಟ್ಟಿನ ಮರೆ ಇಟ್ಟು ಒಬ್ಬೊಬ್ಬರನ್ನೇ ಕರೆದರು. ಎಲ್ಲ ಮುಗಿದ ಮೇಲೆ ಚೀಟಿಗಳನ್ನು ಎಣಿಸಿದರು. ಆಮೇಲೆ ಮತ್ತೊಮ್ಮೆ ಎಣಿಸಿದರು. ಸ್ವಾಮಿಗೆ ಹತ್ತು. ಸೌಮ್ಯಳಿಗೆ ಒಂದು.

ಅಭ್ಯರ್ಥಿ ಒಬ್ಬರು, ಸೂಚಕರು ಒಬ್ಬರು, ಅನುಮೋದಕರು ಒಬ್ಬರು. ಮೂರಾದರೂ ಇರಬೇಕಿತ್ತಲ್ಲ ಎಂದು ಆ ಅಧಿಕಾರಿ ಕನ್ನಡಕದ ಮೇಲಿನಿಂದ ಎಲ್ಲರನ್ನೂ ನೋಡಿದರು. ಹೇಳಲಿಲ್ಲ. ಸರ್ಕಾರಿ ನೌಕರರು.

ಕೋಣೆಯಲ್ಲಿದ್ದವರ ಮುಖಗಳ ಮೇಲಿನ ಗಾಬರಿ ನಟನೆಯಲ್ಲ. ಇಷ್ಟಾಗುತ್ತದೆಂದು ಸ್ವಾಮಿಯೂ ಎಣಿಸಿರಲಿಲ್ಲ. ಸೌಮ್ಯ ಎದ್ದು ಸೆರಗು ಸರಿಮಾಡಿಕೊಂಡು, “ಆಲ್ ಕರಿಯೋ ಹೊತ್ತಾಯ್ತು, ಬತ್ತೀನಿ” ಎಂದು ಹೊರಟಳು. ಅವಳ ಕಣ್ಣಿಗೆ ಬೀಳದಿರಲೆಂದು ಲಿಂಗಯ್ಯ ಗೋಡೆಯ ಕ್ಯಾಲೆಂಡರು ಓದತೊಡಗಿದರು.

ಹೊಸ ಅಧ್ಯಕ್ಷ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದು ಸಿದ್ದರಾಜುವಿನ ಕಾಲಿಗೆ ಬಿದ್ದ. “ದೊಡ್ಡಪ್ಪ, ನೀವು ನನ್ ಸ್ಟಿಕರ್ ನೋಡಿ ಬೈತಿದ್ರಿ. ಈಗ ಗೊತ್ತಾಯ್ತಲ್ಲ? ನಾನು ಗಾಡಿ ಮ್ಯಾಲೆ ಅಂಟುಸ್ಕಂಡಿವ್ನಿ. ನೀವೆಲ್ಲ ಒಳಗಡೆ ಅಂಟುಸ್ಕಂಡಿದ್ರಿ, ಅಷ್ಟೇಯ. ತಗಳಿ, ಬಾಯ್ ಸಿಹಿ ಮಾಡ್ಕಳಿ.”

ಸಿದ್ದರಾಜು ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದರು. ತುಪ್ಪ ಅಂಗೈಗೆ ಇಳಿದಿತ್ತು.

“ಒಂದೇ ಓಟಂತೆ ತಾತ! ಒಂದೇ?” ದೀಪಿಕ ಬಾಗಿಲಲ್ಲೇ ಕಾದಿದ್ದಳು. ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿತ್ತು.

“ಆ ಒಂದು ಓಟು ನಂದೇ ಕಣವ್ವ.” ಮಾತು ಯೋಚನೆಗಿಂತ ಮೊದಲು ಹೊರಬಿದ್ದಿತ್ತು.

ಹೆಂಡತಿ ಇಂದ್ರಮ್ಮ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. “ಆ ಮಾತ ಚಿಕ್ಕರಸಿನಕೆರೆ ಬಸಪ್ಪನ ಮುಂದೆ ಯೋಳಿ ನೋಡವ,” ಎಂದರು. ಸುಳ್ಳು ಯಾವುದು, ನಿಜ ಯಾವುದು ಎಂದು ತೋರಿಸಿಕೊಡುತ್ತದೆಂದು ಸುತ್ತಿನವರೆಲ್ಲ ನಡೆದುಕೊಳ್ಳುವ ದೇವರ ಬಸವ ಅದು. ಸಿದ್ದರಾಜು ಕೇಳಿಸದವರಂತೆ ಕೈ ತೊಳೆಯಲು ಹೋದರು.

ಮರುದಿನ ದೀಪಿಕ ಸೌಮ್ಯಳನ್ನು ನೋಡಲು ಹೊರಟಳು. ತನ್ನ ತಾತನೊಬ್ಬನಾದರೂ ನಿಂತನಲ್ಲ, ಅದನ್ನು ಹೇಳಿಬರಬೇಕು ಎಂದು. ಅಮೆರಿಕದ ರಾಜ್ಯಗಳ ಹೆಸರೆಲ್ಲ ಬಾಯಿಪಾಠವಿದ್ದ ಹುಡುಗಿ, ತನ್ನೂರಿನ ಕಾಲೋನಿಯಲ್ಲಿ ಸೌಮ್ಯಳ ಮನೆ ಯಾವುದೆಂದು ದಾರಿಯಲ್ಲಿ ಕೇಳಬೇಕಾಯಿತು.

ಸೌಮ್ಯ ಕರುವಿನ ಮೈ ಉಜ್ಜುತ್ತಿದ್ದಳು. “ಬಾ ದೀಪಿಕ, ಕೂತ್ಕ. ಈ ಮನೆಗೆ ನೀನು ಬಂದಿದ್ದು ಇದೇ ಮೊದ್ಲು, ಅಲ್ವಾ?”

ದೀಪಿಕ ಕೂತಳು. “ಅಕ್ಕ, ಬೇಜಾರು ಮಾಡ್ಕೋಬೇಡಿ. ಎಲ್ಲಾರೂ ಕೈಕೊಟ್ರೂ ನಮ್ಮ ತಾತ ಕೊಡ್ಲಿಲ್ಲ. ಆ ಒಂದು ಓಟು ತಾತಂದೇ.”

ಸೌಮ್ಯ ಉಜ್ಜುವುದನ್ನು ನಿಲ್ಲಿಸಿದಳು. ನಗು ಬಂದದ್ದು ಅವಳಿಗೇ ಅನಿರೀಕ್ಷಿತವಾಗಿತ್ತು.

“ನಿನ್ನೆ ಸಂಜೇಲಿ ಲಿಂಗಯ್ಯಣ್ಣ ಬಂದಿದ್ರು. ಬೇಲಿ ಹತ್ರ ನಿಂತು, ‘ಆ ಒಂದು ನಂದು ಕಣವ್ವ, ಯಾರ್ಗೂ ಯೋಳ್ಬ್ಯಾಡ’ ಅಂದ್ರು. ಅವರ ಹಿಂದೇನೆ ಇನ್ನೊಬ್ರು. ಇವತ್ ಬೆಳ್ಗೆ ಮತ್ತಿಬ್ರು. ಒಂದೇ ಓಟು, ಎಲ್ಲಾರ್ದೂವೆ! ಈಗ ನಿಮ್ ತಾತಂದು.” ಅವಳು ಕರುವಿನ ಕುತ್ತಿಗೆಯ ಮೇಲೆ ಕೈಯಿಟ್ಟಳು. “ಹಂಗಾರೆ ನಾನ್ ಯಾರಿಗೆ ಆಕ್ದೆ ಅಂತ ಒಬ್ರೂ ಕೇಳ್ನಿಲ್ಲ ನೋಡು.”

ದೀಪಿಕಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಎದ್ದು ನಿಲ್ಲಲು ಇನ್ನೂ ಹೆಚ್ಚು ಹೊತ್ತು ಬೇಕಾಯಿತು.

ಮನೆಯಲ್ಲಿ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಸಿದ್ದರಾಜು ಗದರಿಸಿ ಪಾರಾಗಬಹುದಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ. “ತಾತ, ಸೌಮ್ಯಕ್ಕ ತಮ್ಮ ಓಟನ್ನ ತಮಗೇ ಹಾಕ್ಕೊಂಡ್ರಂತೆ. ಹಂಗಾದ್ರೆ ನಿನ್ನದು?”

ಸಿದ್ದರಾಜು ಟವೆಲಿನ ಅಂಚನ್ನು ಸುತ್ತಿದರು, ಬಿಚ್ಚಿದರು.

“ಆಕ್ಬೇಕು ಅಂತ್ಲೇ ಒಳೀಕೋದೆ ಕಣವ್ವ. ನಿನ್ನಾಣೆಗೂ. ಪೆನ್ ಇಡಿದಾಗ ಮ್ಯಾಲೆ ಅಪ್ಪನ ಫೋಟ ಕಾಣ್ತು. ಕೆಳೀಕೆ ಆ ಕುರ್ಚಿ. ಮಾದಯ್ಯನ ಸೊಸೆ ಕೂತವ್ಳೆ, ನಾನು ಎದ್ ನಿಂತು ‘ಅಧ್ಯಕ್ಷರೇ’ ಅಂತಿವ್ನಿ, ಅಂಗೆ ಕಣ್ಮುಂದೆ ಬಂದ್ಬುಡ್ತು. ಮಿಕ್ಕೋರೆಲ್ಲ ಆಕ್ತಾರೆ, ಎಂಗಿದ್ರೂ ಗೆಲ್ತಾಳೆ, ನಂದೊಂದ್ ಇಲ್ದಿದ್ರೆ ಏನು ಅಂದ್ಕಂಡೆ.” ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡರು. “ನಂದೇನೂ ಇಲ್ಲ ಕಣವ್ವ. ಊರಿನ್ನೂ ತಯಾರಾಗಿಲ್ಲ.”

ದೀಪಿಕ ಮೆಲ್ಲಗೆ ಹೇಳಿದಳು: “ತಾತ, ಈ ಮಾತು ನನ್ನ ಸೆಮಿನಾರಲ್ಲಿದೆ. ಅದಕ್ಕೆ ನೀನು ನಕ್ಕಿದ್ದೂ ಇದೆ.”

ಸಾವಿರಾರು ಮೈಲಿ ಆಚೆಯ, ಮುಖ ಕಾಣದ ಮುದುಕರನ್ನು ಬೈದು ಬೈದು ಅಭ್ಯಾಸವಾಗಿದ್ದ ಸಿದ್ದರಾಜುಗೆ, ಅವರಲ್ಲೊಬ್ಬ ತಮ್ಮ ಜಗಲಿಯಲ್ಲೇ, ತಮ್ಮ ಟವೆಲು ಹೆಗಲಿಗೆ ಹಾಕಿಕೊಂಡು ಕೂತಿದ್ದಾನೆಂದು ತಿಳಿದದ್ದು ಆಗ.

“ನಾನೂ ಏನು ಕಮ್ಮಿ ಅಲ್ಲ ಬಿಡು,” ಎಂದಳು ದೀಪಿಕ. “ಅವರ ಮನೆ ಯಾವುದು ಅಂತ ನನಗೆ ಗೊತ್ತಾಗಿದ್ದೇ ಇವತ್ತು.” ತಾತನ ಬಗೆಗಿನ ಆ ಕೊನೆಯ ಸಾಲುಗಳನ್ನು ಅವಳು ಹೊಡೆದು ಹಾಕಿದಳೋ ಉಳಿಸಿಕೊಂಡಳೋ ಎಂದು ಕೇಳುವ ಧೈರ್ಯ ಸಿದ್ದರಾಜುಗೆ ಆಗಲಿಲ್ಲ.

ಮುಂದಿನ ವಾರ ಅಮೆರಿಕದ ಫಲಿತಾಂಶ ಬಂತು. ಕಪ್ಪು ಬಣ್ಣದ ಆ ಹೆಣ್ಣುಮಗಳು ಸೋತಿದ್ದರು. ಡೇರಿಯ ಮುಂದೆ ಅಂದು ಜನ ಹೆಚ್ಚು. ಸಿದ್ದರಾಜು ಒಂದಷ್ಟು ದಿನ ಹಾಲನ್ನು ಬೇರೆಯವರ ಕೈಲಿ ಕಳಿಸಿ, ಅಂದು ತಾವೇ ಬಂದಿದ್ದರು.

“ನೋಡ್ದಾ ಸಿದ್ದರಾಜಣ್ಣ?” ಲಿಂಗಯ್ಯ ಪೇಪರು ಬೀಸುತ್ತ ಕೂಗಿದರು. “ಬಣ್ಣ ನೋಡಿ ಸೋಲುಸ್ಬುಟ್ರಲ್ಲ, ದರಿದ್ರದ ಜನ! ಏನಂತೀಯಾ?”

ಎಲ್ಲರೂ ತೀರ್ಪಿಗೆ ಕಾದರು. ಸೋಲಿಗೆ ಬೇರೆ ಕಾರಣಗಳೂ ಇರಬಹುದಿತ್ತು. ತಾಳೆಕೊಪ್ಪಲಿಗೆ ಅವು ಬೇಕಿರಲಿಲ್ಲ. ಸಾಲು ಎಂದಿನಂತೆ ಬಿರಿಯಿತು. ಮಾದಯ್ಯ ಗೋಡೆಗೆ ಒತ್ತಿಕೊಂಡು, “ಬನ್ನಿ ಬುದ್ಧಿ, ಮುಂದಕ್ ಬನ್ನಿ” ಎಂದರು.

ಸಿದ್ದರಾಜು ಸಾಲಿನ ಕೊನೆಗೆ, ಸೌಮ್ಯಳ ಹಿಂದೆ ಹೋಗಿ, ಕ್ಯಾನನ್ನು ನೆಲಕ್ಕಿಟ್ಟರು.

“ಲಿಂಗಯ್ಯ, ಆ ಒಂದು ಓಟು ನಂದಲ್ಲ ಕಣ್ಲಾ.”

“ಯಾವ್ದು? ಅಮೆರಿಕದ್ದಾ?”

“ನಮ್ಮೂರುದ್ದು. ನಿಲ್ಲವ್ವ ಅಂತ ಯೋಳ್ದೋನೂ ನಾನೇ, ಸೂಚಕನೂ ನಾನೇ. ಓಟು ಮಾತ್ರ ಸ್ವಾಮಿಗಾಕ್ದೆ. ಮನ್ಲಿ ಸುಳ್ ಯೋಳ್ದೆ.”

ಲಿಂಗಯ್ಯನ ಪೇಪರು ಕೆಳಗಿಳಿಯಿತು. ಅಳತೆ ಮಾಡುತ್ತಿದ್ದವನ ಕೈಯಲ್ಲಿ ಹಾಲಿನ ಪಾತ್ರೆ ಅರ್ಧಕ್ಕೇ ನಿಂತಿತು. ಆ ಒಂದು ಓಟಿನ ಒಡೆಯರು ಅಲ್ಲಿ ಇನ್ನೂ ನಾಲ್ವರಿದ್ದರು. ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಮಾದಯ್ಯ ಗೋಡೆಗೆ ಇನ್ನಷ್ಟು ಒತ್ತಿಕೊಂಡರು. “ಅಯ್ಯೋ, ಇದೇನ್ ಬುದ್ಧಿ, ಅಲ್ಲ್ಯಾಕೆ ನಿಂತ್ಕಂಡ್ರಿ, ಮುಂದಕ್ ಬನ್ನಿ...”

“ಬ್ಯಾಡ ಮಾದಯ್ಯ. ಸಾಲ್ನಾಗೆ ಬತ್ತೀನಿ.”

ಸೌಮ್ಯ ತಿರುಗಿ ನೋಡಿದಳು. ಅವಳ ಮುಖದಲ್ಲಿ ಕ್ಷಮೆ ಇರಲಿಲ್ಲ. ಅದನ್ನು ಅವರು ಕೇಳಿಯೂ ಇರಲಿಲ್ಲ.

“ನಿಂತ್ಕಳಿ ಅಣ್ಣ,” ಎಂದಳು. “ಮೊದಮೊದ್ಲು ಕಾಲು ನೋಯ್ತದೆ.” ಆಮೇಲೆ ಮಾವನ ತೋಳು ಹಿಡಿದು ಗೋಡೆಯಿಂದ ಬಿಡಿಸಿ, ಸಾಲಿನಲ್ಲಿ ತನ್ನ ಮುಂದೆ ನಿಲ್ಲಿಸಿಕೊಂಡಳು. “ಅಳೀರಪ್ಪ ಬೇಗ, ಹಿಂದೆ ಜನ ಅವ್ರೆ.”

ಹಾಲು ಮತ್ತೆ ಕ್ಯಾನಿಗೆ ಬೀಳತೊಡಗಿತು. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಸಿದ್ದರಾಜು ಬಗ್ಗಿ ಕ್ಯಾನನ್ನು ಎತ್ತಿ, ಒಂದು ಹೆಜ್ಜೆ ಮುಂದಿಟ್ಟರು.