ಆಳದ ಮಣ್ಣಿನ ಉಸಿರು

ಮುಚ್ಚಳಗಳನ್ನು ಅದಲುಬದಲು ಮಾಡಿಬಿಟ್ಟೆನೇನೋ ಎಂಬ ಅಳುಕು ಬೆಳಗಿನಿಂದಲೂ ಅವಳ ಎದೆಯಲ್ಲಿ ಚುಚ್ಚುತ್ತಿತ್ತು. ಚೀಟಿಯನ್ನು ಬಾಟಲಿಗೆ ಅಂಟಿಸುವುದು ಬಿಟ್ಟು ಮುಚ್ಚಳಕ್ಕೆ ಅಂಟಿಸುವುದು ಅವಳ ಕೆಟ್ಟ ಚಾಳಿ. ಯಾರಿಗೂ ಹೇಳಿರಲಿಲ್ಲ.

ಮೂರು ಬಾಟಲಿಗಳಲ್ಲಿ ಇದ್ದದ್ದು ಅಕ್ಕನ ಹಿತ್ತಲಿನ ಮಣ್ಣು: ಮೇಲಿನದು, ನಡುವಿನದು, ಆಳದ್ದು. ತರಕಾರಿ ಹಾಕಬಹುದೇ ನೋಡಿಕೊಡು ಎಂದು ಅಕ್ಕನೇ ಕೇಳಿದ್ದಳು. ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಕೊಳೆತದ್ದನ್ನು ತಿಂದು ಉಸಿರು ಬಿಡುತ್ತವೆ. ಪ್ರಯೋಗಾಲಯದಲ್ಲಿ ಆ ಉಸಿರನ್ನು ಅಳೆಯುವುದೇ ಅವಳ ಕೆಲಸ. ಬೇರು, ತರಗೆಲೆ ಸೇರಿದ ಮೇಲ್ಮಣ್ಣಿನಲ್ಲಿ ಉಸಿರು ಜೋರು, ಆಳಕ್ಕಿಳಿದಂತೆ ಕ್ಷೀಣ. ಇಲ್ಲಿ ಎಲ್ಲ ತಿರುವುಮುರುವು. ಆಳದ್ದೇ ಏದುಸಿರು ಬಿಡುತ್ತಿತ್ತು.

“ಏನಮ್ಮ ಮೌನಗೌರಿ, ತಲೆಕೆಳಗಾಗಿ ನಿಂತು ಅಗೆದ್ಯಾ?” ಮುಖ್ಯಸ್ಥರು ನಕ್ಕರು. “ಮುಚ್ಚಳ ಬದಲಾಗಿರುತ್ತೆ. ತಿದ್ದಿಬಿಟ್ಟು ಮನೆಗೆ ಹೋಗು.”

“ಹ್ಞೂಂ ಸರ್.” ಹಾಗೇ ಆಗಿರಲಿ ಎಂದೇ ಅವಳೂ ಬೇಡಿಕೊಂಡಳು; ಇಲ್ಲದಿದ್ದರೆ ಅಷ್ಟು ಆಳದಲ್ಲಿ ಏನೋ ಕೊಳೆಯುತ್ತಿದೆ ಎಂದರ್ಥ.

ಆಳದ್ದೆಂದು ಚೀಟಿಯಿದ್ದ ಬಾಟಲಿಯನ್ನು ತಟ್ಟೆಗೆ ಸುರಿದು ಕೆದಕಿದಳು. ಬೇರಿನ ಒಂದು ಎಳೆಯೂ ಇಲ್ಲ. ಹಳದಿ ಜೇಡಿಮಣ್ಣೇ, ಆದರೆ ಅಲ್ಲಲ್ಲಿ ಬೂದುಗಟ್ಟಿ, ಜಿಡ್ಡಾಗಿ, ನಾರುತ್ತಿತ್ತು. ಚಿಮಟದ ತುದಿಗೆ ಪುಕ್ಕದ ದಂಟೊಂದು ಬಂತು. ಹಿಂದೆಯೇ ಇನ್ನೊಂದು. ಆಮೇಲೆ ಬೆರಳಿನಷ್ಟೂ ಇಲ್ಲದ ಒಂದು ಮೂಳೆ. ಚೀಟಿ ಸರಿಯಾಗಿಯೇ ಇತ್ತು.

ಕಳೆದ ವರ್ಷ ಭಾವನ ಶೆಡ್ಡಿಗೆ ರೋಗ ಹೊಕ್ಕು ಕೋಳಿಗಳೆಲ್ಲ ರಾಶಿರಾಶಿ ಸತ್ತಿದ್ದವು. ದೂರ ಒಯ್ದು ಸುಟ್ಟುಬಂದೆ ಎಂದಿದ್ದರು ಭಾವ. ಅವಳು ಮಣ್ಣು ತೆಗೆದ ಜಾಗಕ್ಕೂ ಕುಡಿಯುವ ನೀರಿನ ಬಾವಿಗೂ ನಡುವೆ ಬಟ್ಟೆ ಒಣಹಾಕುವ ತಂತಿಯಷ್ಟೇ ಅಂತರ. ಅಕ್ಕನ ಮಗು ಭೇದಿ ನಿಲ್ಲದೆ ಕಡ್ಡಿಯಾಗಿತ್ತು. ಡಾಕ್ಟರು ಬದಲಾದರು, ಔಷಧಿ ಬದಲಾಯಿತು; ನೀರು ಮಾತ್ರ ಅದೇ.

ಸಂಜೆ ಅಕ್ಕನ ಅಡುಗೆಮನೆಯ ಬಾಗಿಲಲ್ಲಿ ಅವಳು ಚಪ್ಪಲಿಯನ್ನೂ ಬಿಡದೆ ನಿಂತಳು.

“ಏನು ನಾದಿನಿ, ನಮ್ಮ ಮಣ್ಣು ಪಾಸೋ ಫೇಲೋ?” ಭಾವ ಕೇಳಿದರು.

“ಅವಳ ಬಾಯಿ ಬಿಡಿಸೋಕೆ ಇಕ್ಕಳ ಬೇಕು, ಬಿಡಿ,” ಎಂದಳು ಅಕ್ಕ. ಮಗು ಅಕ್ಕನ ಸೊಂಟದ ಮೇಲೆ ಹಸಿಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಭಾವನ ನಗು ತುಟಿಯ ಮೇಲೆಯೇ ಉಳಿದಿತ್ತು. ಕಣ್ಣು ಮಾತ್ರ ಬೇಡ, ಬೇಡ ಎನ್ನುತ್ತಿತ್ತು. ಹೇಳಿದರೆ ಈ ಮನೆ ಮತ್ತೆ ಹೀಗಿರುವುದಿಲ್ಲ ಎಂದು ಅವಳಿಗೂ ಗೊತ್ತು. ಅಕ್ಕ ಕೊಡದಿಂದ ಲೋಟಕ್ಕೆ ನೀರು ಬಗ್ಗಿಸಿ ಮಗುವಿನ ತುಟಿಗೆ ಹಿಡಿದಳು.

“ಅಕ್ಕಾ, ಕುಡಿಸ್ಬೇಡ.” ಅವಳು ಲೋಟಕ್ಕೆ ಕೈ ಅಡ್ಡ ಹಿಡಿದಳು. “ಭಾವ ಕೋಳಿಗಳನ್ನ ಸುಟ್ಟಿಲ್ಲ. ಬಾವಿ ಪಕ್ಕದಲ್ಲೇ ಹೂತಿದ್ದಾರೆ.”