ಮೊಳೆ ಹೊಡೆದ ಕಿಟಕಿ

ನಮ್ಮ ಸಾಲಿನ ಕೋಣೆಗಳಿಗೆ ಬಾಗಿಲೊಂದೇ ಗತಿ. ಗಾಳಿ ಬರುವುದೂ ಅದರಲ್ಲೇ, ಹೊಗೆ ಹೋಗುವುದೂ ಅದರಲ್ಲೇ. ನಾನು ಇಸ್ತ್ರಿ ಮಾಡುವವಳು. ನನ್ನ ಇದ್ದಿಲಿನ ಹೊಗೆ ಪಕ್ಕದ ಕೋಣೆಗೂ ನುಗ್ಗುತ್ತಿತ್ತು. ಅಲ್ಲಿ ಗಾರೆಯವನ ಹೆಂಡತಿ ಉಬ್ಬಸದಿಂದ ಹಿಂದಿನ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆ ಗೋಡೆಯಾಚೆ ನಮ್ಮ ಕೋಣೆಗಳ ಯಜಮಾನನ ತೋಟ. ಅಲ್ಲಿ ಬೇಕಾದಷ್ಟು ಗಾಳಿ, ಅನುಭವಿಸುವವು ಅವನ ನಾಯಿಗಳು.

ಬಡವರ ಪರ ಎಂದು ಗೆದ್ದು ಬಂದ ಹೊಸ ಸರ್ಕಾರ ಕಾನೂನು ಮಾಡಿತು: ಕಿಟಕಿಯಿಲ್ಲದ ಕೋಣೆಯನ್ನು ಬಾಡಿಗೆಗೆ ಕೊಡುವಂತಿಲ್ಲ. ನಾವು ಹಿಗ್ಗಿ ಹೀರೇಕಾಯಿಯಾದೆವು. ಯಜಮಾನ ಗಾರೆಯವನನ್ನೇ ಕರೆದು, ಹಳೇ ಕಿಟಕಿಗಳನ್ನು ತಂದಿದ್ದೇನೆ, ಎಲ್ಲ ಕೋಣೆಗಳ ಹಿಂದಿನ ಗೋಡೆಗೂ ಕೂರಿಸು, ಗೋಡೆ ಆಮೇಲೆ ಒಡೆಯೋಣ ಎಂದ. ಗೋಡೆ ಒಡೆಯದೆ ಕಿಟಕಿ ಇಡುವ ಗಾರೆಯವನು ಲೋಕದಲ್ಲುಂಟೇ? ಇವನು ಇಟ್ಟ. ಆಗಲ್ಲ ಎಂದಿದ್ದರೆ ಉಬ್ಬಸದ ಹೆಂಡತಿಯನ್ನು ಕಟ್ಟಿಕೊಂಡು ಬೀದಿಗೆ ಬೀಳಬೇಕಿತ್ತು. ಕಿಟಕಿಯ ಕದಗಳು ತೆರೆಯದಂತೆ ಮೊಳೆಯನ್ನೂ ಯಜಮಾನ ಅವನ ಕೈಯಲ್ಲೇ ಹೊಡೆಸಿದ.

ತಪಾಸಣೆಯ ಸಾಹೇಬರು ತೋಟದಲ್ಲಿ ಊಟ ಮುಗಿಸಿ ನಮ್ಮ ಕಡೆ ಬಂದರು. ಗಾರೆಯವನ ಹೆಂಡತಿ ಏದುಸಿರು ಬಿಡುತ್ತಾ, "ಒಂದ್ಸಲ ನೀವೇ ತೆಗೀರಿ ಸಾರ್. ಆ ಕಡೆ ಏನಿದೆ ಅಂತ ನೋಡ್ತೀನಿ" ಎಂದಳು.

ಸಾಹೇಬರು ಯಜಮಾನನ ಮುಖ ನೋಡಿದರು. "ಕಿಟಕಿ ಇದೆಯಲ್ಲಮ್ಮ. ತೆಗೆಯೋದು ಬಿಡೋದು ನಿಮಗೆ ಬಿಟ್ಟಿದ್ದು."

ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಹೋದರು. ಮರುದಿನವೇ ಯಜಮಾನ, ಕಿಟಕಿಯಿರುವ ಕೋಣೆ ಎಂದು ಬಾಡಿಗೆ ಏರಿಸಿದ. ಗಾಯದ ಮೇಲೆ ಬರೆ. ಥೂ, ಇಂಥ ಕಾನೂನು ಬರದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಗಾರೆಯವನು ಅವತ್ತು ಕೆಲಸಕ್ಕೆ ಹೋಗಲಿಲ್ಲ. ಮೊಳೆ ಕಿತ್ತ. ಕದ ತೆರೆದ. ಹಿಂದಿದ್ದ ಇಟ್ಟಿಗೆಗೆ ಉಳಿ ಇಟ್ಟು ಸುತ್ತಿಗೆ ಬೀಸಿದ. ಇಟ್ಟಿಗೆಗಳು ಒಂದೊಂದಾಗಿ ತೋಟದೊಳಕ್ಕೆ ಬಿದ್ದವು, ನಾಯಿಗಳು ಬೊಗಳಿದವು. ಯಜಮಾನ ಓಡಿಬಂದು, ಯಾರನ್ನು ಕೇಳಿ ಗೋಡೆ ಒಡೆಯುತ್ತಿದ್ದೀಯ ಎಂದು ಅಬ್ಬರಿಸಿದ.

"ಗೋಡೆ ಎಲ್ಲಿದೆ ಯಜಮಾನ್ರೇ? ಇಲ್ಲಿ ಕಿಟಕಿ ಇದೆ ಅಂತ ಸಾಹೇಬ್ರೇ ಬರ್ಕೊಟ್ಟಿದ್ದಾರೆ. ತೆಗೆಯೋದು ನಮಗೆ ಬಿಟ್ಟಿದ್ದಂತೆ. ತೆಗೀತಾ ಇದೀನಿ."

ಪೊಲೀಸರನ್ನು ಕರೆಸುತ್ತೇನೆ ಎಂದ ಯಜಮಾನ. ಕರೆಸಿಯಾನು. ಅವನು ಕರೆದರೆ ಅವರು ಬರದೆ ಇರುತ್ತಾರೆಯೇ? ಗಾರೆಯವನ ಹೆಂಡತಿ ಆ ಕಂಡಿಗೆ ಮುಖವಿಟ್ಟು ಉಸಿರೆಳೆದುಕೊಳ್ಳುತ್ತಿದ್ದಳು. ನಾನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟೆ.

"ಅವರು ಬರೋದ್ರೊಳಗೆ ನನ್ನದೂ ಆಗ್ಲಿ ತಮ್ಮಾ" ಎಂದು ಸುತ್ತಿಗೆಗೆ ಕೈ ಚಾಚಿದೆ. ತಿರುಗಿ ನೋಡಿದರೆ, ಸಾಲಿನವರೆಲ್ಲ ನನ್ನ ಹಿಂದೆಯೇ ನಿಂತಿದ್ದರು.